ಅಡ್ಡಗಾಳಿ ಮತ್ತು ಇಪ್ಪತ್ತೇಳನೇ ಕಟ್ಟಡದ ಸಿನಿಮಾ ಯಂತ್ರ

ನಿಶ್ ನಗರದ ಇಪ್ಪತ್ತೇಳನೇ ನಂಬರಿನ ಕಟ್ಟಡದ ನಿವಾಸಿಗಳ ಸಂಘವು, ನೆಲಮಹಡಿಯ ಸಾಮಾನ್ಯ ಕೋಣೆಯಲ್ಲಿ ಸಿನಿಮಾ ನೋಡುವ ಸಲುವಾಗಿ ಕಂಪ್ಯೂಟರೊಂದನ್ನು ಕಟ್ಟಬೇಕೋ ಅಥವಾ ಅಂಗಡಿಯಿಂದ ಒಂದು ಪ್ಲೇಯರ್ ಕೊಳ್ಳಬೇಕೋ ಎಂಬ ಪ್ರಶ್ನೆಯನ್ನು ಹದಿನಾಲ್ಕು ಸಭೆಗಳಲ್ಲಿ ಕೂಲಂಕಷವಾಗಿ ಚರ್ಚಿಸಿ, ಸರ್ವರಿಗೂ ಸಮ್ಮತವಾಗುವಂತೆ ಇತ್ಯರ್ಥಪಡಿಸಿದೆ ಎಂದು ಈ ಮೂಲಕ ತಿಳಿಯಪಡಿಸಲಾಗಿದೆ. ಇದಕ್ಕೆ ಎರಡು ವರ್ಷ ಹಿಡಿಯಿತೆಂದು ಪಕ್ಕದ ಇಪ್ಪತ್ತೊಂಬತ್ತನೇ ಕಟ್ಟಡದವರು ಆಡಿಕೊಳ್ಳುತ್ತಿರುವುದು ಶುದ್ಧ ಸುಳ್ಳು. ಹಿಡಿದದ್ದು ಒಂದು ವರ್ಷ ಹನ್ನೊಂದು ತಿಂಗಳು. ಸಂಘದ ಕಾರ್ಯದರ್ಶಿಯಾಗಿ ಎಲ್ಲ ಸಭೆಗಳ ನಡಾವಳಿ ಬರೆದವನು ನಾನೇ ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತೇ ಅಂತಿಮ.

ಮೊದಲು ಟಿ.ವಿ. ಬಂತು. ನಮ್ಮ ತಾರಸಿಯ ಮೇಲೆ ಆಂಟೆನಾ ನಿಲ್ಲಿಸಲು ಜಾಗ ಕೊಟ್ಟಿದ್ದಕ್ಕೆ ಒಂದು ಕಂಪನಿಯವರು ಗೋಡೆಯ ಅರ್ಧದಷ್ಟಿರುವ ಟಿ.ವಿ.ಯನ್ನು ಕೃತಜ್ಞತಾಪೂರ್ವಕವಾಗಿ ಕೊಟ್ಟು ಹೋದರು. ಹಿಂದೆ ಬಟ್ಟೆ ಒಣಗಿಸುತ್ತಿದ್ದ ಕೋಣೆಯಲ್ಲಿ ಅದನ್ನು ನೇತುಹಾಕಿದೆವು. ಅದರಲ್ಲಿ ಏನು ನೋಡಬೇಕೆಂದು ಕಂಪನಿಯವರು ಹೇಳಿರಲಿಲ್ಲ. ಹೀಗಾಗಿ ನಾಲ್ಕು ತಿಂಗಳು ಅದು ಆರಿದ್ದಂತೆಯೇ ನಮ್ಮೆಲ್ಲರ ಮೆಚ್ಚುಗೆ ಗಳಿಸಿತು.

ಆಮೇಲೆ ಒಂದು ಸಂಜೆ ನಾಲ್ಕನೇ ಮಹಡಿಯ ವೂಕೊಸಾವಾ ಅಜ್ಜಿ ಸಭೆಗೆ ಬಂದರು. ವಯಸ್ಸು ಎಂಬತ್ತೊಂದು. ಕರವಸ್ತ್ರದಲ್ಲಿ ಸುತ್ತಿದ ಒಂದು ಡಿಸ್ಕ್ ಕೈಯಲ್ಲಿತ್ತು. ನಮ್ಮಲ್ಲಿ ಕಾಫಿ ಕುದಿಯದೆ ಕೋರಂ ಆಗುವುದಿಲ್ಲವಾದ್ದರಿಂದ, ಕಾಫಿ ಆಗುವವರೆಗೆ ಸುಮ್ಮನೆ ಕೂತಿದ್ದು ಆಮೇಲೆ ಎದ್ದರು.

"ನನ್ನ ಮಗಳ ಮದುವೇದು ಇದು. ಇದ್ರಲ್ಲಿ ನನ್ನ ತಿಹೊಮಿರ್ ಇದ್ದಾನೆ. ಕುಣೀತಾನೆ, ಆಮೇಲೆ ಏನೋ ಹೇಳ್ತಾನೆ. ನನ್ನ ಹಳೇ ಟಿ.ವಿ. ಹೊಟ್ಟೇಲೇ ಡಿಸ್ಕ್ ಹಾಕೋ ಜಾಗ ಇತ್ತು. ಎರಡೂ ಒಂದೇ ದಿನ ಸತ್ವು. ಇಲ್ಲಿಗೆ ಒಂದು ಪ್ಲೇಯರ್ ತರಿಸಿ, ಅಷ್ಟೇ."

"ಅವಸರ ಏನಜ್ಜೀ?" ಎಂದರು ಅಧ್ಯಕ್ಷ ರಾದಿವೋಯೆ. ಇವರು ರೈಲ್ವೆಯಲ್ಲಿ ಸಿಗ್ನಲ್ ವಿಭಾಗದಿಂದ ನಿವೃತ್ತರಾದವರು. ನಲವತ್ತು ವರ್ಷ ಇತರರನ್ನು ನಿಲ್ಲಿಸಿ ಅಭ್ಯಾಸವಿದೆ.

"ನನ್ನ ಬಲಗಿವಿ ರಿಟೈರಾಯ್ತು. ಎಡಗಿವಿ ಅರ್ಜಿ ಕೊಟ್ಟಿದೆ. ಡಾಕ್ಟರು ಒಂದು ವರ್ಷ, ಎರಡು ವರ್ಷ ಅಂತಾರೆ. ಅವನ ಮುಖ ಗೋಡೆ ಮೇಲಿದೆ, ದಿನಾ ನೋಡ್ತೀನಿ. ದನಿ ಎಲ್ಲೂ ಇಲ್ವಲ್ಲಪ್ಪಾ. ನೆನಪು ಮಾಡ್ಕೊಂಡ್ರೆ ಮಾತು ಬರತ್ತೆ, ದನಿ ಬರಲ್ಲ."

ಅಜ್ಜಿಯ ಗಂಡ ತಿಹೊಮಿರ್ ನಗರ ಸಾರಿಗೆ ಬಸ್ಸಿನ ಚಾಲಕರಾಗಿದ್ದವರು. ಅವರು ನಾಲ್ಕನೇ ಮಹಡಿಯ ಬಾಲ್ಕನಿಯಿಂದ ಕೆಮ್ಮಿದರೆ ಎದುರಿನ ಬೇಕರಿಯವಳು ಎರಡು ಬ್ರೆಡ್ ಎತ್ತಿಡುತ್ತಿದ್ದಳು. ತೀರಿಕೊಂಡು ಆರು ವರ್ಷವಾಗಿತ್ತು. ಅಜ್ಜಿ ಡಿಸ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತರು. ನಂತರ ಪ್ಲೇಯರ್ ಕೊಳ್ಳುವ ಗೊತ್ತುವಳಿಯನ್ನು ಮಂಡಿಸಲಾಯಿತು. ಅದು ಹತ್ತು ನಿಮಿಷದಲ್ಲಿ ಪಾಸಾಗುತ್ತಿತ್ತು, ಎರಡನೇ ಮಹಡಿಯ ಸ್ರೆತೆನ್ ಅಂದು ಊರಿಗೆ ಹೋಗಿದ್ದರೆ.

ಸ್ರೆತೆನ್‌ಗೆ ಕಂಪ್ಯೂಟರ್ ಗೊತ್ತು. ಹಿಂದೊಮ್ಮೆ ಅವನು ತನ್ನ ಕಚೇರಿಯ ಪ್ರಿಂಟರನ್ನು ಒದ್ದಾಗ ಅದು ಸರಿಹೋಗಿತ್ತು. ಅಂದಿನಿಂದ ಇಡೀ ಬೀದಿಗೆ ಅವನೇ ತಜ್ಞ.

"ಪ್ಲೇಯರ್ರಾ?" ಎಂದ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದವನ ಮುಖ ಮಾಡಿ. "ಅಧ್ಯಕ್ಷರೇ, ಪ್ಲೇಯರ್ ಬರೀ ಡಿಸ್ಕ್ ಓಡ್ಸತ್ತೆ. ನಾವೇ ಒಂದು ಕಂಪ್ಯೂಟರ್ ಕಟ್ಟಿದ್ರೆ ಎಲ್ಲಾ ಓಡ್ಸತ್ತೆ."

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ!"

ಇಷ್ಟು ಗಂಭೀರವಾದ ಪದವನ್ನು ವಿವರಣೆಯಿಲ್ಲದೆ ನಡಾವಳಿಯಲ್ಲಿ ಬರೆಯಲು ಬರುವುದಿಲ್ಲ ಎಂದು ನಾನು ಆಕ್ಷೇಪವೆತ್ತಿದೆ. "ಎಲ್ಲಾ" ಎಂಬುದರಲ್ಲಿ ಏನೇನು ಸೇರುತ್ತದೆಂದು ನಿರ್ಧರಿಸಲು ಉಪಸಮಿತಿ ರಚನೆಯಾಯಿತು. ಅದು ಐದು ತಿಂಗಳು ಕೂತು ನಲವತ್ಮೂರು ಬಾಬುಗಳ ಪಟ್ಟಿ ಕೊಟ್ಟಿತು. ಹದಿನೇಳನೇ ಬಾಬು ಹಳೆಯ ವಾಲಿಬಾಲ್ ಪಂದ್ಯಗಳು. ಇಪ್ಪತ್ತೊಂಬತ್ತನೇ ಬಾಬು, ಅಧ್ಯಕ್ಷರ ಕೋರಿಕೆಯಂತೆ, ರೈಲು ನಿಲ್ದಾಣಕ್ಕೆ ಬರುವ ದೃಶ್ಯ. ಹೋಗುವ ದೃಶ್ಯ ಬೇಡ. ಮದುವೆಯ ಡಿಸ್ಕ್ ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಅದು ಎಲ್ಲರಿಗೂ ಗೊತ್ತಿದ್ದ ವಿಷಯವಾದ್ದರಿಂದ ಯಾರೂ ಬರೆಯಲಿಲ್ಲ.

ಅಷ್ಟರಲ್ಲಿ ಕಟ್ಟಡ ಎರಡು ಪಕ್ಷವಾಗಿತ್ತು. ಲಿಫ್ಟಿನಲ್ಲಿ ಕಟ್ಟುವ ಪಕ್ಷದವರು ಹತ್ತಿದರೆ ಕೊಳ್ಳುವ ಪಕ್ಷದವರು ಮೆಟ್ಟಿಲು ಹತ್ತುತ್ತಿದ್ದರು. ಇದರಿಂದ ಕೆಲವರ ಮಂಡಿನೋವು ವಾಸಿಯಾಯಿತು. ಅಜ್ಜಿ ಕೊಳ್ಳುವ ಪಕ್ಷವೋ ಎಂದು ಕೇಳಿದ್ದಕ್ಕೆ, "ನಾನು ತಿಹೊಮಿರ್ ಪಕ್ಷ ಕಣಪ್ಪಾ," ಎಂದರು.

ಇಷ್ಟೂ ದಿನ ಅಜ್ಜಿ ಬೇರೆ ಯಾರ ಮನೆಯಲ್ಲಾದರೂ ಡಿಸ್ಕ್ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಟ್ಟಡದಲ್ಲಿ ಎರಡೇ ಪ್ಲೇಯರ್ ಇದ್ದವು. ಒಂದು ಕೆಟ್ಟಿತ್ತು, ಇನ್ನೊಂದು ಕೆಟ್ಟು ಹೂಕುಂಡದ ಕೆಳಗಿತ್ತು. ಸ್ರೆತೆನ್ ಡಿಸ್ಕನ್ನು ಕಚೇರಿಗೆ ಒಯ್ದು ನಕಲು ಮಾಡಿಸಿ ತರುತ್ತೇನೆಂದ. ಅಜ್ಜಿ ಕೊಡಲಿಲ್ಲ. ಹಿಂದೆ ಕ್ಯಾಸೆಟ್ಟಿನಿಂದ ಡಿಸ್ಕಿಗೆ ನಕಲು ಮಾಡಿಸಲು ಕೊಟ್ಟಾಗ ಕ್ಯಾಸೆಟ್ಟು ವಾಪಸು ಬಂದಿರಲಿಲ್ಲ. "ಇರೋದೇ ಇದೊಂದು, ಇದನ್ನ ಯಾರ ಜೊತೇನೂ ಕಳ್ಸಲ್ಲ," ಎಂದು ಮಗಳನ್ನು ಕುರಿತು ಹೇಳುವಂತೆ ಹೇಳಿದರು. ಕೊನೆಗೆ ತಾವೇ ಒಂದು ಪ್ಲೇಯರ್ ತಂದು ಕೋಣೆಯಲ್ಲಿ ಇಡುತ್ತೇನೆಂದಾಗ ಅಧ್ಯಕ್ಷರು ನೋವಿನಿಂದಲೇ ತಡೆದರು. ಖಾಸಗಿ ಯಂತ್ರವನ್ನು ಸಾಮಾನ್ಯ ಕೋಣೆಯಲ್ಲಿಡುವುದು ಹನ್ನೊಂದನೇ ನಿಯಮಕ್ಕೆ ವಿರುದ್ಧ. ಇವತ್ತು ಪ್ಲೇಯರ್ ಬಿಟ್ಟರೆ ನಾಳೆ ಯಾರಾದರೂ ಫ್ರಿಜ್ ತರುತ್ತಾರೆ, ನಾಡಿದ್ದು ಅತ್ತೆಯನ್ನು.

ಒಂಬತ್ತನೇ ತಿಂಗಳು ಕಟ್ಟುವ ಪಕ್ಷ ಒಂದು ಮತದಿಂದ ಗೆದ್ದಿತು. ಸ್ರೆತೆನ್ ಬಿಡಿಭಾಗಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದನ್ನೂ ಎತ್ತಿ ತೋರಿಸಿ ಹೆಸರು ಹೇಳಿದ. ಎಲ್ಲರೂ ತಲೆದೂಗಿದರು. ಕೊನೆಗೆ ಆರು ಪುಟ್ಟ ಫ್ಯಾನುಗಳನ್ನು ಸಾಲಾಗಿ ಇಟ್ಟ.

"ಇವು ಯಾಕೆ?" ಎಂದರು ಲ್ಯುಬಿಂಕಾ. ಇವರು ಮೂವತ್ತೈದು ವರ್ಷ ಜಿಲ್ಲಾ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. ಇಡೀ ಕಟ್ಟಡ ಅವರನ್ನು ಸಿಸ್ಟರ್ ಎಂದೇ ಕರೆಯುತ್ತದೆ, ಅವರ ಗಂಡನೂ ಸೇರಿ.

"ಗಾಳಿಗೆ ಸಿಸ್ಟರ್. ಮೂರು ಫ್ಯಾನು ಮುಂದಿಂದ ಗಾಳಿ ಎಳೀತವೆ, ಮೂರು ಹಿಂದಿಂದ ಬಿಡ್ತವೆ."

"ಒಂದ್ ಕಡೆಯಿಂದ ಒಳಗೆ, ಇನ್ನೊಂದ್ ಕಡೆಯಿಂದ ಹೊರಗೆ?"

"ಹೌದು."

"ಸ್ರೆತೆನ್, ನಿನ್ನ ಹೆತ್ತೋಳು ನಿಂಗೆ ಏನೂ ಹೇಳ್ಕೊಡ್ಲಿಲ್ವೇನೋ? ಅದು ಅಡ್ಡಗಾಳಿ!"

ಎಲ್ಲರೂ ಕಾಫಿ ಕೆಳಗಿಟ್ಟು ಕತ್ತಿನ ಗುಂಡಿ ಹಾಕಿಕೊಂಡರು. ಎದುರುಬದುರಿನ ಎರಡು ಕಂಡಿಗಳ ನಡುವೆ ಸುಳಿಯುವ ಅಡ್ಡಗಾಳಿಯಿಂದ ಏನೇನಾಗುತ್ತದೆಂದು ಇಲ್ಲಿ ಬರೆಯಬೇಕಾಗಿಲ್ಲ. ಕತ್ತು ಹಿಡಿಯುತ್ತದೆ, ಕಿವಿ ಸೋರುತ್ತದೆ, ಮೂತ್ರಪಿಂಡ ಕೈಕೊಡುತ್ತದೆ, ಬಾಯಿ ಒಂದು ಪಕ್ಕಕ್ಕೆ ಹೋಗುತ್ತದೆ. ನಮ್ಮ ಬಸ್ಸುಗಳಲ್ಲಿ ಜುಲೈ ತಿಂಗಳ ಬೇಗೆಯಲ್ಲೂ ಎರಡು ಕಿಟಕಿ ಒಟ್ಟಿಗೆ ತೆರೆದವನನ್ನು ಮುಂದಿನ ನಿಲ್ದಾಣದಲ್ಲಿ ಇಳಿಸುತ್ತಾರೆ. ಇಂಥ ಗಾಳಿಯನ್ನು ಹಣ ಕೊಟ್ಟು, ಪೆಟ್ಟಿಗೆಯಲ್ಲಿ ಹಾಕಿಸಿ, ಮುದುಕರು ಕೂರುವ ಕೋಣೆಗೆ ತರುತ್ತಿದ್ದೆವಲ್ಲ ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅಡ್ಡಗಾಳಿ ಉಪಸಮಿತಿ ಅಂದೇ ರಚನೆಯಾಯಿತು. ಸಿಸ್ಟರ್ ಅಧ್ಯಕ್ಷೆ. ಮೊದಲ ಪ್ರಯೋಗದಲ್ಲಿ ಫ್ಯಾನು ಓಡಿಸಿ, ಅದರ ಹಿಂದೆ ಸಿಗರೇಟು ಹಿಡಿದು, ಹೊಗೆ ಯಾರ ಕಡೆ ಹೋಗುತ್ತದೆಂದು ಗಮನಿಸಲಾಯಿತು. ಹೊಗೆ ನೇರ ರಾದಿವೋಯೆ ಅವರ ಕತ್ತಿಗೆ ಹೋಯಿತು. ಮಾರನೇ ದಿನ ಬೆಳಿಗ್ಗೆ ಅವರ ಕತ್ತು ತಿರುಗಲಿಲ್ಲ. ಹಿಂದಿನ ಇಡೀ ದಿನ ಅವರು ಬಾಲ್ಕನಿಯ ಸೂರಿಗೆ ತಲೆಯೆತ್ತಿ ಸುಣ್ಣ ಹೊಡೆದಿದ್ದರೆಂಬ ಅಂಶವನ್ನು ಸ್ರೆತೆನ್ ಪ್ರಸ್ತಾಪಿಸಿದ. ಅದು ಅಪ್ರಸ್ತುತವೆಂದು ಉಪಸಮಿತಿ ಕೈಬಿಟ್ಟಿತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

"ಹಂಗಾದ್ರೆ ನೀರಿಂದ ತಂಪು ಮಾಡೋ ಥರದ್ದು ಕಟ್ತೀನಿ, ಫ್ಯಾನೇ ಬೇಡ," ಎಂದ ಸ್ರೆತೆನ್.

"ನೀರಾ?" ಎಂದು ಸಿಸ್ಟರ್ ಎದೆಯ ಮೇಲೆ ಕೈಯಿಟ್ಟುಕೊಂಡರು. "ಶೀತ ಬೇರೆ ತರ್ತಾನಂತೆ!"

ಈ ಸಂದರ್ಭದಲ್ಲಿ ಕೆಳಗಿನ ಪ್ರಕಟಣೆಯನ್ನು ಲಿಫ್ಟಿನ ಪಕ್ಕ ಅಂಟಿಸಲಾಯಿತು. ಇಂದಿಗೂ ಅದು ಅಲ್ಲಿದೆ.

"ನಿವಾಸಿಗಳ ಗಮನಕ್ಕೆ. ಸಾಮಾನ್ಯ ಕೋಣೆಯಲ್ಲಿ ಯಂತ್ರಗಳಿಂದ ಹೊರಡುವ ಯಾವುದೇ ಗಾಳಿಯು ನಿವಾಸಿಗಳ ಕತ್ತು, ಕಿವಿ ಹಾಗೂ ಸೊಂಟವನ್ನು ಮುಟ್ಟತಕ್ಕದ್ದಲ್ಲ. ಬಾಗಿಲು ಮುಚ್ಚಿದ್ದಾಗ ಮಾತ್ರ ಒಂದು ಕಿಟಕಿಯನ್ನು ತೆರೆಯಬಹುದು. ಎರಡನೇ ಕಿಟಕಿಯನ್ನು ತೆರೆಯುವವರು ಮೂರು ದಿನ ಮುಂಚಿತವಾಗಿ ಲಿಖಿತ ಅರ್ಜಿಯನ್ನು ವೈದ್ಯರ ಪ್ರಮಾಣಪತ್ರದೊಂದಿಗೆ ಸಲ್ಲಿಸತಕ್ಕದ್ದು. ಒದ್ದೆ ತಲೆಯಲ್ಲಿ ಬಂದವರಿಗೆ ಪ್ರವೇಶವಿಲ್ಲ."

ಫ್ಯಾನಿನ ಸಮಸ್ಯೆಯನ್ನು ಸಿಸ್ಟರ್ ತಾವೇ ಬಗೆಹರಿಸಿದರು. ನಮ್ಮ ಮನೆಗಳಲ್ಲಿ ರೇಡಿಯೋ, ಟಿ.ವಿ., ಟೆಲಿಫೋನು, ಯಾವುದಕ್ಕೂ ಕ್ರೋಶಾ ಹೊದಿಕೆಯಿಲ್ಲದೆ ಗೌರವವಿಲ್ಲ. ಆರು ಫ್ಯಾನಿನ ಬಾಯಿಗೂ ಒಂದೊಂದು ದುಂಡು ಹೊದಿಕೆ ಹೆಣೆದು, ಗಂಜಿ ಹಾಕಿ ಗಟ್ಟಿ ಮಾಡಿ, ಕಂಪ್ಯೂಟರ್ ಇನ್ನೂ ಅರ್ಧ ಬಿಚ್ಚಿ ಬಿದ್ದಿರುವಾಗಲೇ ತಂದುಕೊಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಸ್ರೆತೆನ್ ಗೊಣಗಿದ. ಆದರೆ ಹೊದಿಕೆಗಳ ಅಂಚಿನಲ್ಲಿ ದ್ರಾಕ್ಷಿ ಗೊಂಚಲು ಇದ್ದದ್ದನ್ನು ಕಟ್ಟುವ ಪಕ್ಷದವರೂ ಮೆಚ್ಚಿದರು.

ಹದಿನೇಳನೇ ತಿಂಗಳು ಉದ್ಘಾಟನೆ. ಆಲೂಗಡ್ಡೆ ಸಲಾಡು, ಚೀಸ್ ತುಂಬಿದ ಪದರ ರೊಟ್ಟಿ ಬುರೆಕ್, ಕ್ವಿನ್ಸ್ ಹಣ್ಣಿನ ಸಾರಾಯಿ ರಕಿಯಾ ಎಲ್ಲ ಬಂದವು. ವೂಕೊಸಾವಾ ಅಜ್ಜಿ ಕಪ್ಪು ರೇಷ್ಮೆಯ ರವಿಕೆ ತೊಟ್ಟು, ತುಟಿಗೆ ಬಣ್ಣ ಹಚ್ಚಿ ಬಂದಿದ್ದರು. ಈಗ ಅವರಿಗೆ ಏನಾದರೂ ಹೇಳಬೇಕಾದರೆ ಎಡಕ್ಕೆ ಹೋಗಿ ಕೂಗಬೇಕಿತ್ತು. ಸ್ರೆತೆನ್ ಕಂಪ್ಯೂಟರಿನ ಗುಂಡಿ ಒತ್ತಿದ, ಟಿ.ವಿ.ಯಲ್ಲಿ ಬಣ್ಣಬಣ್ಣದ ಬೆಟ್ಟವೊಂದು ಮೂಡಿತು. ಚಪ್ಪಾಳೆ. ಅಜ್ಜಿ ಎದ್ದು, ಕರವಸ್ತ್ರ ಬಿಚ್ಚಿ, ಕಂಪ್ಯೂಟರಿನ ಪೆಟ್ಟಿಗೆಯನ್ನು ಮುಂದಿನಿಂದ ನೋಡಿದರು. ಹಿಂದೆ ಹೋಗಿ ನೋಡಿದರು.

"ಸ್ರೆತೆನ್, ಇದನ್ನ ಎಲ್ಲಿ ಹಾಕೋದು?"

ಸ್ರೆತೆನ್ ಬುರೆಕ್ ಅಗಿಯುವುದನ್ನು ನಿಲ್ಲಿಸಿದ. "ಅದು... ಈಗೆಲ್ಲಾ ಡಿಸ್ಕ್ ಹಾಕೋ ಜಾಗ ಇಡಲ್ಲ ಅಜ್ಜಿ. ಯಾರೂ ಬಳಸಲ್ಲ."

"ಎಲ್ಲಾ ಓಡ್ಸತ್ತೆ ಅಂದ್ಯಲ್ಲೋ?"

"ಇದು ಪಟ್ಟಿಯಲ್ಲಿ ಇರ್ಲಿಲ್ಲ..."

ಅಜ್ಜಿ ಬೈಯಲಿಲ್ಲ. ಡಿಸ್ಕನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿ, ಕುರ್ಚಿಗೆ ಹೋಗಿ ಕೂತು, ಬೆಟ್ಟವನ್ನು ನೋಡಿದರು. ನನ್ನ ಪಾಲಿನ ಬುರೆಕ್ಕನ್ನು ಅವರ ತಟ್ಟೆಗೆ ಹಾಕಿದೆ. ನಡಾವಳಿಯಲ್ಲಿ ಅದಕ್ಕೆ ಕಾಲಂ ಇಲ್ಲದ್ದರಿಂದ ಬರೆಯಲಿಲ್ಲ. ಕಂಪ್ಯೂಟರ್ ಒಟ್ಟು ಒಂಬತ್ತು ನಿಮಿಷ ಯಶಸ್ವಿಯಾಗಿ ಕೆಲಸ ಮಾಡಿ, ಹೊದಿಕೆಗಳ ಒಳಗೆ ಬೆಂದು, ಸ್ವಯಂ ನಿವೃತ್ತಿ ಪಡೆಯಿತು ಎಂದಷ್ಟೇ ಬರೆದೆ. ಅಡ್ಡಗಾಳಿ ಎಳ್ಳಷ್ಟೂ ಬರಲಿಲ್ಲವೆಂದು ಸಿಸ್ಟರ್ ವರದಿ ಕೊಟ್ಟರು.

ಮುಂದಿನ ಆರು ತಿಂಗಳಲ್ಲಿ ಮೂರು ಸಭೆಗಳಾದವು. ಕೊಳ್ಳುವ ಪಕ್ಷದವರು ಈಗಲಾದರೂ ಕೊಳ್ಳೋಣವೆಂದರು. ಕಟ್ಟುವ ಪಕ್ಷದವರು, ಕಟ್ಟಿದ್ದನ್ನು ಮೂಲೆಗೆ ಹಾಕಿ ಕೊಂಡರೆ ಇಪ್ಪತ್ತೊಂಬತ್ತನೇ ಕಟ್ಟಡದವರ ಮುಂದೆ ಮುಖವೆತ್ತಿ ತಿರುಗುವುದು ಹೇಗೆಂದರು. ಈ ವಾದಕ್ಕೆ ಕೊಳ್ಳುವ ಪಕ್ಷದವರೂ ತಲೆದೂಗಿದರು.

ಹದಿನಾಲ್ಕನೇ ಸಭೆ ಜುಲೈ ತಿಂಗಳಲ್ಲಿ. ಕಾಫಿ ಆಗುವುದನ್ನೂ ಕಾಯದೆ ಅಜ್ಜಿ ಎದ್ದರು. ಕೈಯಲ್ಲಿ ಸಂತೆಚೀಲ. ಗುಜರಿ ಸಂತೆಯಲ್ಲಿ ಕೊಂಡ ಒಂದು ಪುಟ್ಟ ಪ್ಲೇಯರ್ ಅದರಿಂದ ಹೊರಬಂತು.

"ಅಜ್ಜೀ, ಹನ್ನೊಂದನೇ ನಿಯಮ..." ಎಂದರು ರಾದಿವೋಯೆ ಮೆಲ್ಲಗೆ.

"ನಂಗೆ ಕೇಳ್ಸಲ್ಲ ಕಣಯ್ಯಾ," ಎಂದರು ಅಜ್ಜಿ. ಅದು ನಿಜವೋ ನೆಪವೋ ಹೇಳುವುದು ಕಷ್ಟವಿತ್ತು. "ಸ್ರೆತೆನ್! ಈ ನಿನ್ನ ಪೆಟ್ಟಿಗೆ ಒಳಗೆ ಈಗ ಏನಿದೆ?"

"ಸುಟ್ಟುಹೋಗಿರೋದು ಅಜ್ಜಿ."

"ತೆಗಿ ಆಚೆಗೆ."

ಸ್ರೆತೆನ್ ನಮ್ಮೆಲ್ಲರ ಮುಖ ನೋಡಿದ. ಆಮೇಲೆ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಒಳಗಿನದನ್ನೆಲ್ಲ ಕಿತ್ತು ಮೇಜಿನ ಮೇಲಿಟ್ಟ. ಅಜ್ಜಿ ಬಗ್ಗಿ ಪ್ಲೇಯರನ್ನು ಆ ಖಾಲಿ ಜಾಗಕ್ಕೆ ತಳ್ಳಿದರು. ಅಳತೆ ಮಾಡಿಸಿದಂತೆ ಕೂತಿತು.

"ನೋಡಿ. ಕಟ್ಟಿದ್ದೂ ಆಯ್ತು, ಕೊಂಡಿದ್ದೂ ಆಯ್ತು. ಈಗ ಆ ತಂತಿ ಸಿಗಿಸ್ರೋ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸಭೆ ಕೂಡಲೇ ಕಾರ್ಯಪ್ರವೃತ್ತವಾಯಿತು. ಪೆಟ್ಟಿಗೆಯ ಒಳಗಿರುವುದು ಖಾಸಗಿ ಯಂತ್ರವಾಗಿ ಉಳಿಯದೆ ಬಿಡಿಭಾಗವಾಗುತ್ತದೆ, ಬಿಡಿಭಾಗವನ್ನು ದಾನ ಕೊಡಲು ಹತ್ತೊಂಬತ್ತನೇ ನಿಯಮದಲ್ಲಿ ಅವಕಾಶವಿದೆ ಎಂದು ನಾನು ಓದಿ ತೋರಿಸಿದೆ. ಮೆಟ್ಟಿಲಿನ ಬಲ್ಬುಗಳು ಆ ನಿಯಮದಲ್ಲೇ ಬರುವುದು. ಕಂಪ್ಯೂಟರ್ ಕಟ್ಟುವ ಕಾರ್ಯ ಸಂಪೂರ್ಣವಾಯಿತೆಂದು ಒಂದು ಗೊತ್ತುವಳಿ, ಪ್ಲೇಯರ್ ಹೊಂದುವ ಉದ್ದೇಶ ಈಡೇರಿತೆಂದು ಇನ್ನೊಂದು ಗೊತ್ತುವಳಿ, ಎರಡೂ ಸರ್ವಾನುಮತದಿಂದ ಪಾಸಾದವು. ಎರಡು ಪಕ್ಷದವರೂ ಪರಸ್ಪರ ಸೋಲಿಸಿದ್ದಕ್ಕೆ ಕೈಕುಲುಕಿಕೊಂಡರು. ಸಿಸ್ಟರ್ ಪೆಟ್ಟಿಗೆಯ ಮುಂದೆ ನೂಲಿನ ಎಳೆ ಹಿಡಿದು ನೋಡಿದರು. ಎಳೆ ಅಲುಗಲಿಲ್ಲ. ಓಡದ ಫ್ಯಾನುಗಳ ಮೇಲಿನ ಹೊದಿಕೆಗಳನ್ನು ಮಾತ್ರ ತೆಗೆಯುವುದು ಬೇಡವೆಂದರು, ಎಚ್ಚರಿಕೆ ಒಳ್ಳೆಯದು.

ಸೆಖೆಯಾಗಿದ್ದರಿಂದ ಬಾಗಿಲು ಮುಚ್ಚಿ, ಪ್ರಕಟಣೆಯ ಪ್ರಕಾರ ಒಂದು ಕಿಟಕಿ ತೆರೆದೆವು. ಡಿಸ್ಕ್ ತಿರುಗಿತು.

ಮದುವೆ ಮೂರು ಗಂಟೆಯದ್ದು. ರಿಮೋಟ್ ಸಂತೆಯಲ್ಲೇ ಉಳಿದಿದ್ದರಿಂದ ಮುಂದಕ್ಕೆ ಓಡಿಸಿ ನೋಡುವಂತಿರಲಿಲ್ಲ, ಪೂರ್ತಿ ನೋಡಿದೆವು. ರಾದಿವೋಯೆಗೆ ತಲೆತುಂಬ ಕೂದಲಿತ್ತು. ಸ್ರೆತೆನ್ ಆಗ ಸಣಕಲು, ಯಾರದ್ದೋ ತಟ್ಟೆಯಿಂದ ಹುರಿದ ಹಂದಿಮಾಂಸ ಎತ್ತುತ್ತಿದ್ದ. ಅಜ್ಜಿ ಟಿ.ವಿ.ಗೆ ಎಡಗಿವಿ ಕೊಟ್ಟು ಅಡ್ಡಲಾಗಿ ಕೂತಿದ್ದರು, ಅವರಿಗೆ ಚಿತ್ರ ಅರ್ಧ ಕಾಣುತ್ತಿತ್ತು. ಧ್ವನಿಯನ್ನು ಆದಷ್ಟೂ ಏರಿಸಿದ್ದೆವು. ಕಹಳೆ ಊದಿದಾಗ ಗಾಜುಗಳು ನಡುಗಿದವು.

ಎರಡು ಗಂಟೆ ದಾಟಿದ ಮೇಲೆ ತಿಹೊಮಿರ್ ಬಂದರು. ಕೈಕೈ ಹಿಡಿದು ಕುಣಿಯುವ ಸಾಲಿನ ಮುಂದೆ, ಕರವಸ್ತ್ರ ಬೀಸುತ್ತ, ಅಂಗಿಯೆಲ್ಲ ಬೆವರು. ಕುಣಿತ ಮುಗಿದು ನೇರ ಕ್ಯಾಮೆರಾದತ್ತ ನಡೆದುಬಂದರು. ನೋಡಿದ್ದು ಕ್ಯಾಮೆರಾವನ್ನಲ್ಲ, ಅದರ ಹಿಂದೆ ಎಲ್ಲೋ ನಿಂತಿದ್ದ ಹೆಂಡತಿಯನ್ನು.

"ವೂಕಾ! ಕುಣ್ದು ಕುಣ್ದು ಬೆನ್ನೆಲ್ಲಾ ಒದ್ದೆಯಾಗಿದೆ ನಿಂಗೆ, ಅಲ್ಲಿ ಯಾಕೆ ನಿಂತಿದೀಯೇ? ಬಾ ಈಚೆಗೆ! ಯಾರಾದ್ರೂ ಆ ಕಿಟಕಿ ಮುಚ್ರಪ್ಪಾ! ನಮ್ಮೋಳ್ಗೆ ಅಡ್ಡಗಾಳಿ ಹೊಡೀತಿದೆ!"

ಕೋಣೆಯಲ್ಲಿದ್ದ ಹತ್ತೊಂಬತ್ತು ಜನವೂ ಎದ್ದೆವು. ರಾದಿವೋಯೆ ಎಲ್ಲರಿಗಿಂತ ಮುಂಚೆ ತಲುಪಿ ಕಿಟಕಿ ಮುಚ್ಚಿ ಚಿಲಕ ಹಾಕಿದರು. ಸಿಸ್ಟರ್ ತಮ್ಮ ಶಾಲನ್ನು ತೆಗೆದು ಅಜ್ಜಿಯ ಬೆನ್ನಿಗೆ ಹೊದಿಸಿದರು. ದಿವಂಗತ ತಿಹೊಮಿರ್ ಅವರ ಸೂಚನೆಯನ್ನು ಸಭೆ ಒಮ್ಮತದಿಂದ ಅಂಗೀಕರಿಸಿ ತಕ್ಷಣ ಜಾರಿಗೆ ತಂದಿತು ಎಂದು ನಾನು ನಡಾವಳಿಯಲ್ಲಿ ಬರೆದೆ. ಆಕ್ಷೇಪಣೆಗಳು: ಇಲ್ಲ.

"ಕೇಳ್ಸಿತಾ ಅಜ್ಜೀ?" ಎಂದು ಸ್ರೆತೆನ್ ಅವರ ಎಡಕ್ಕೆ ಹೋಗಿ ಕೂಗಿದ.

"ಬೈದ ನೋಡು," ಎಂದರು ಅಜ್ಜಿ. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ. "ಹಂಗೇ ಬೈದ. ಇನ್ನೊಂದ್ಸಲ ಹಾಕೋ."

ಇನ್ನೊಂದು ಸಲ ಹಾಕುವುದೆಂದರೆ ಮೊದಲಿನಿಂದ, ಮೂರು ಗಂಟೆ. ಯಾರೂ ಮನೆಗೆ ಹೋಗಲಿಲ್ಲ. ಮತ್ತೆ ಕಾಫಿ ಇಟ್ಟರು, ಮತ್ತೆ ಮದುವೆಯಾಯಿತು, ಮತ್ತೆ ತಿಹೊಮಿರ್ ಬೆವರಿಕೊಂಡು ಬಂದು ಕೂಗಿದರು. ರಾದಿವೋಯೆ ಎದ್ದು ಹೋಗಿ, ಮುಚ್ಚಿದ್ದ ಕಿಟಕಿಯನ್ನು ತೆರೆದು, ಮತ್ತೆ ಮುಚ್ಚಿ ಬಂದು ಕೂತರು.